ಫೋನ್ ಎತ್ತುವವರ ಕೈಯಲ್ಲಿ ಏನಿದೆ?

(ದಾವಣಗೆರೆಯಲ್ಲಿ ಗ್ರಾಹಕರು ಮತ್ತು ಕಾಲೇಜು ವಿದ್ಯಾರ್ಥಿಗಳು ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)

2003ರ ನವೆಂಬರ್‌ನಲ್ಲಿ ಡೆಲ್ ಕಂಪನಿ ಒಂದು ತೀರ್ಮಾನ ತೆಗೆದುಕೊಂಡಿತು. ಅಮೆರಿಕದ ಕಂಪನಿಗಳು ಡೆಲ್ ಕಂಪ್ಯೂಟರ್ ಕೆಟ್ಟಾಗ ಸಹಾಯಕ್ಕೆ ಫೋನ್ ಮಾಡಿದರೆ ಆ ಕರೆ ಬೆಂಗಳೂರಿಗೆ ಬರುತ್ತಿತ್ತು. ಆಪ್ಟಿಪ್ಲೆಕ್ಸ್, ಲ್ಯಾಟಿಟ್ಯೂಡ್ ಅಂತ ಎರಡು ಮಾದರಿಗಳಿದ್ದವು. ಕಚೇರಿಗಳೇ ಜಾಸ್ತಿ ಕೊಳ್ಳುತ್ತಿದ್ದ ಮಾದರಿಗಳು. ಅವುಗಳ ಕರೆಗಳು ಇನ್ನು ಬೆಂಗಳೂರಿಗೆ ಬೇಡ, ಅಮೆರಿಕದಲ್ಲೇ ಎತ್ತೋಣ ಅಂತ ಡೆಲ್ ಹೇಳಿತು. ಕಾರಣ, ಗ್ರಾಹಕರ ದೂರು. ಮಾತು ಸರಿಯಾಗಿ ತಿಳಿಯುವುದಿಲ್ಲ, ಏನು ಕೇಳಿದರೂ ಬಾಯಿಪಾಠದ ಉತ್ತರ ಬರುತ್ತದೆ, ಗೊತ್ತಿರುವ ತಂತ್ರಜ್ಞರ ಹತ್ತಿರ ಮಾತಾಡಬೇಕೆಂದರೆ ತುಂಬಾ ಹೊತ್ತು ಕಾಯಬೇಕು. ಇವೇ ದೂರುಗಳು.

ಈ ಸುದ್ದಿಯಲ್ಲಿ ನನಗೆ ಮುಖ್ಯ ಅನ್ನಿಸಿದ್ದು ಬೇರೆ. ಮನೆಗೆ ಅಂತ ಒಂದು ಕಂಪ್ಯೂಟರ್ ಕೊಂಡವರ ಕರೆಗಳು ಆಮೇಲೂ ಭಾರತಕ್ಕೆ ಬರುತ್ತಲೇ ಇದ್ದವು. ಅದೇ ಕಂಪನಿ, ಅದೇ ಮಾತಿನ ರೀತಿ, ಅದೇ ಬಾಯಿಪಾಠ. ಮನೆಯವರಿಗೆ ಸಿಟ್ಟು ಬರುತ್ತಿರಲಿಲ್ಲವೇ? ಖಂಡಿತ ಬರುತ್ತಿತ್ತು. ಆದರೆ ಸಾವಿರಗಟ್ಟಲೆ ಕಂಪ್ಯೂಟರ್ ಕೊಳ್ಳುವವರ ಸಿಟ್ಟಿಗೆ ಬೆಲೆ ಸಿಕ್ಕಿತು, ಒಂದು ಕೊಂಡವರ ಸಿಟ್ಟಿಗೆ ಸಿಗಲಿಲ್ಲ. ಈ ಒಂದು ವಿಷಯವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಮುಂದೆ ನಮ್ಮ ಜಿಲ್ಲೆಯ ಮಾತಿಗೆ ಬಂದಾಗ ಬೇಕಾಗುತ್ತದೆ.

ನಾನು ಆ ಕಾಲದಲ್ಲಿ ಬೆಂಗಳೂರಿನಲ್ಲಿ ರಾತ್ರಿ ಪಾಳಿಯಲ್ಲಿ ಹೀಗೆ ಫೋನ್ ಎತ್ತುವ ಕೆಲಸದಲ್ಲಿದ್ದೆ. ಬ್ರಿಟನ್ನಿನ ಒಂದು ಬ್ಯಾಂಕಿನ ಗ್ರಾಹಕರ ಕರೆಗಳು ನಮಗೆ ಬರುತ್ತಿದ್ದವು. ಬ್ಯಾಂಕಿನ ಹೆಸರು ಇಲ್ಲಿ ಬೇಡ. ನಮ್ಮ ಕಡೆಯ ಹುಡುಗ ಹುಡುಗಿಯರು ಆಗ ಎಷ್ಟೋ ಜನ ಆ ಕೆಲಸಕ್ಕೆ ಸೇರಿದರು. ಡಿಗ್ರಿ ಮುಗಿಸಿ, ಸ್ವಲ್ಪ ಇಂಗ್ಲಿಷ್ ಬಂದರೆ ಸಾಕು, ಊರಿನಲ್ಲಿ ಯಾರೂ ಕೊಡದಷ್ಟು ಸಂಬಳ ಸಿಗುತ್ತಿತ್ತು. ಆ ಸಂಬಳದಿಂದ ತಂಗಿಯರ ಮದುವೆ ಆಗಿದೆ, ಮನೆಗೆ ತಾರಸಿ ಬಿದ್ದಿದೆ. ಅದನ್ನು ನಾನು ಕಡಿಮೆ ಮಾಡಿ ಹೇಳುವುದಿಲ್ಲ.

ಈ ಕೆಲಸ ಇಲ್ಲಿಗೆ ಬಂದದ್ದು ಹೇಗೆ ಅಂತ ಬೇಗ ಹೇಳಿ ಮುಗಿಸುತ್ತೇನೆ. 1990ರ ದಶಕದಲ್ಲಿ ಅಮೆರಿಕನ್ ಎಕ್ಸ್‌ಪ್ರೆಸ್, ಬ್ರಿಟಿಷ್ ಏರ್‌ವೇಸ್, ಜನರಲ್ ಎಲೆಕ್ಟ್ರಿಕ್ ಕಂಪನಿಗಳು ತಮ್ಮ ಲೆಕ್ಕಪತ್ರ, ದಾಖಲೆ ಕೆಲಸಗಳನ್ನು ಭಾರತಕ್ಕೆ ತಂದವು. ಅದರ ಹಿಂದೆಯೇ ಫೋನ್ ಕರೆಗಳೂ ಬಂದವು. ಸಮುದ್ರದಡಿಯ ಕೇಬಲ್‌ಗಳು ಹೆಚ್ಚಿದವು. 2002ರಲ್ಲಿ ವಿದೇಶಿ ಕರೆಗಳ ಮೇಲೆ ವಿಎಸ್‌ಎನ್‌ಎಲ್ ಅನ್ನುವ ಒಂದೇ ಕಂಪನಿಗಿದ್ದ ಏಕಸ್ವಾಮ್ಯ ಹೋಯಿತು. ಕರೆಯ ಖರ್ಚು ಇಳಿಯಿತು. ಅಲ್ಲಿ ಒಬ್ಬರಿಗೆ ಕೊಡುವ ಸಂಬಳದಲ್ಲಿ ಇಲ್ಲಿ ಹಲವರನ್ನು ಇಟ್ಟುಕೊಳ್ಳಬಹುದಿತ್ತು. ಕಂಪನಿಗಳು ನೋಡಿದ್ದು ಇಷ್ಟೇ ಲೆಕ್ಕ.

ಆ ಲೆಕ್ಕದ ಒಳಗೆ ಕೂತವರಿಗೆ ಏನು ಕಾಣುತ್ತಿತ್ತು ಅನ್ನುವುದನ್ನು ಮಾತ್ರ ನಿಧಾನವಾಗಿ ಹೇಳಬೇಕು. ಯಾಕೆಂದರೆ ಫೋನಿನ ಈ ಕಡೆ ಕಾಯುವವರಿಗೆ ಆ ಕಡೆಯದು ಕಾಣುವುದಿಲ್ಲ.

ನಮ್ಮ ಮುಂದೆ ಒಂದು ಪರದೆ ಇರುತ್ತಿತ್ತು. ಅದರಲ್ಲಿ ಸ್ಕ್ರಿಪ್ಟ್. ಗ್ರಾಹಕ ಹೀಗೆ ಹೇಳಿದರೆ ಹೀಗೆ ಹೇಳು, ಹಾಗೆ ಹೇಳಿದರೆ ಹಾಗೆ ಹೇಳು ಅಂತ. ಮೂಲೆಯಲ್ಲಿ ಗಡಿಯಾರ ಓಡುತ್ತಿರುತ್ತದೆ. ಒಂದು ಕರೆಗೆ ಸರಾಸರಿ ಎಷ್ಟು ಹೊತ್ತು ತೆಗೆದುಕೊಂಡೆ ಅನ್ನುವುದಕ್ಕೆ ಎಎಚ್‌ಟಿ ಅನ್ನುತ್ತಾರೆ. ನಮ್ಮ ತಿಂಗಳ ಅಂಕ, ಅದರ ಮೇಲೆ ಸಿಗುವ ಇನ್ಸೆಂಟಿವ್, ಪಾಳಿ ಬದಲಾವಣೆ, ಎಲ್ಲವೂ ಅದನ್ನೇ ಅವಲಂಬಿಸಿದ್ದವು. ಒಬ್ಬ ಗ್ರಾಹಕನ ಸಮಸ್ಯೆಯನ್ನು ಪೂರ್ತಿ ಕೇಳಿ, ಬೇರೆ ವಿಭಾಗಕ್ಕೆ ಫೋನ್ ಮಾಡಿ, ಬಗೆಹರಿಸಿ ಕೊಟ್ಟವರ ಸಮಯ ಏರುತ್ತದೆ. ಅವರನ್ನು ಟೀಮ್ ಲೀಡರ್ ಕರೆದು ಕೇಳುತ್ತಾರೆ. 'ಇನ್ನು ನಲವತ್ತೆಂಟು ಗಂಟೆಯಲ್ಲಿ ಸರಿಯಾಗುತ್ತದೆ, ಬೇರೆ ಏನಾದರೂ ಸಹಾಯ ಬೇಕೇ' ಅಂತ ಹೇಳಿ ಬೇಗ ಮುಗಿಸಿದವರ ಅಂಕ ಚೆನ್ನಾಗಿರುತ್ತದೆ. ಅದೇ ಗ್ರಾಹಕ ಎರಡು ದಿನ ಬಿಟ್ಟು ಮತ್ತೆ ಫೋನ್ ಮಾಡುತ್ತಾನೆ. ಆಗ ಅದನ್ನು ಎತ್ತುವವರು ಬೇರೆ ಯಾರೋ.

ಇದರ ಹಿಂದೆ ಒಂದು ಒಪ್ಪಂದ ಇರುತ್ತದೆ. ಬ್ಯಾಂಕು ಬೇರೆ, ಕಾಲ್ ಸೆಂಟರ್ ನಡೆಸುವ ಕಂಪನಿ ಬೇರೆ. ಎಷ್ಟೋ ಒಪ್ಪಂದಗಳಲ್ಲಿ ಕರೆಗೆ ಇಷ್ಟು ಅಂತಲೋ, ಮಾತಾಡಿದ ನಿಮಿಷಕ್ಕೆ ಇಷ್ಟು ಅಂತಲೋ ದುಡ್ಡು. ಯೋಚನೆ ಮಾಡಿ. ಗ್ರಾಹಕ ಮತ್ತೆ ಮತ್ತೆ ಫೋನ್ ಮಾಡಿದರೆ ಕಾಲ್ ಸೆಂಟರಿಗೆ ನಷ್ಟವಿಲ್ಲ. ಗ್ರಾಹಕ ಫೋನೇ ಮಾಡಬೇಕಾಗದ ಹಾಗೆ ಆ ತಪ್ಪನ್ನು ಬುಡದಲ್ಲೇ ಸರಿಮಾಡುವ ಅಧಿಕಾರ ಅವರಿಗಿಲ್ಲ. ಅಧಿಕಾರ ಇರುವವರ ಕಿವಿಗೆ ಗ್ರಾಹಕನ ದನಿ ತಲುಪುವುದಿಲ್ಲ. ಇಬ್ಬರ ನಡುವೆ ಒಂದು ವರದಿ ಮಾತ್ರ ಓಡಾಡುತ್ತದೆ: ಈ ತಿಂಗಳು ಇಷ್ಟು ಕರೆ, ಸರಾಸರಿ ಇಷ್ಟು ನಿಮಿಷ.

ಒಂದು ಕರೆಯ ವಿಷಯ ಹೇಳುತ್ತೇನೆ. ಒಬ್ಬ ವಯಸ್ಸಾದ ಹೆಂಗಸು, ಇಂಗ್ಲೆಂಡಿನ ಒಂದು ಸಣ್ಣ ಊರಿನವರು. ಗಂಡ ತೀರಿಕೊಂಡಿದ್ದರು. ಮರಣ ಪತ್ರವನ್ನು ಬ್ಯಾಂಕಿಗೆ ಕಳಿಸಿದ್ದರು. ಆದರೂ ಗಂಡನ ಹೆಸರಿಗೆ ಬ್ಯಾಂಕಿನಿಂದ ಕಾಗದಗಳು ಬರುತ್ತಲೇ ಇದ್ದವು. ಅವರು ಫೋನ್ ಮಾಡಿದಾಗೆಲ್ಲ ಒಬ್ಬೊಬ್ಬರು ಎತ್ತುತ್ತಿದ್ದರು, ಪ್ರತಿಸಲವೂ ಮೊದಲಿನಿಂದ ಕಥೆ ಹೇಳಬೇಕಿತ್ತು. ಆ ದಿನ ಕರೆ ನನಗೆ ಬಂತು. ನನ್ನ ಪರದೆಯಲ್ಲಿ ಮರಣ ಪತ್ರ ತಲುಪಿದ ದಾಖಲೆ ಇರಲಿಲ್ಲ. ಖಾತೆ ಗಂಡನ ಹೆಸರಿನಲ್ಲಿದೆ. ಸ್ಕ್ರಿಪ್ಟ್ ಏನು ಹೇಳುತ್ತದೆ? ಖಾತೆದಾರರ ಜೊತೆಯೇ ಮಾತಾಡಬೇಕು, ಅವರನ್ನು ಫೋನಿಗೆ ಕರೆಯಲು ಹೇಳಿ ಅಂತ.

ನಾನು ಆ ಸಾಲನ್ನು ಓದಲಿಲ್ಲ. ಆದರೆ ಓದದೆ ಇದ್ದು ನಾನು ಮಾಡಬಹುದಾಗಿದ್ದಾದರೂ ಏನು? ಒಂದು ಟಿಪ್ಪಣಿ ಟೈಪ್ ಮಾಡಿ ಬೇರೆ ವಿಭಾಗಕ್ಕೆ ಕಳಿಸುವುದು. ಆ ವಿಭಾಗ ಎಲ್ಲಿದೆ, ಅಲ್ಲಿ ಯಾರಿದ್ದಾರೆ, ಅವರು ಯಾವಾಗ ನೋಡುತ್ತಾರೆ, ನನಗೆ ಗೊತ್ತಿಲ್ಲ. ಆ ಹೆಂಗಸು ಕೇಳಿದರು, 'ನೀವು ಇಂಡಿಯಾದಲ್ಲಿ ಇದ್ದೀರಾ?' ಹೌದು ಅಂದೆ. ಆಮೇಲೆ ಅವರು ತಮ್ಮ ಊರಿನ ಬ್ಯಾಂಕ್ ಶಾಖೆಯ ಬಗ್ಗೆ ಹೇಳಿದರು. ಅಲ್ಲಿ ಕೌಂಟರಿನಲ್ಲಿದ್ದವರಿಗೆ ಅವರ ಗಂಡನ ಹೆಸರು ಗೊತ್ತಿತ್ತಂತೆ. ಶಾಖೆ ಮುಚ್ಚಿದ್ದರು. ಈಗ ಇರುವುದು ಈ ಫೋನ್ ನಂಬರ್ ಮಾತ್ರ.

ಅವರಿಗೆ ಸಿಟ್ಟಿತ್ತು. ಅದು ನನ್ನ ಮೇಲಿನ ಸಿಟ್ಟು ಅಂತ ಆಗ ನನಗೆ ಅನ್ನಿಸಲಿಲ್ಲ, ಈಗಲೂ ಅನ್ನಿಸುವುದಿಲ್ಲ. ಬ್ಯಾಂಕು ತಮ್ಮಿಂದ ದೂರ ಹೋಗಿದೆ ಅನ್ನುವುದು ಅವರಿಗೆ ತಿಳಿದಿತ್ತು. ಎಂಟು ಸಾವಿರ ಕಿಲೋಮೀಟರಿನ ದೂರ ಇರಲಿ, ಅದು ಆ ದೂರದ ಮಾತಲ್ಲ. ಲಂಡನ್ನಿನಲ್ಲೇ ಕೂತು, ಅದೇ ಸ್ಕ್ರಿಪ್ಟ್ ಇಟ್ಟುಕೊಂಡು, ಅದೇ ಅಧಿಕಾರವಿಲ್ಲದ ಕುರ್ಚಿಯಲ್ಲಿ ಯಾರು ಕೂತಿದ್ದರೂ ಆ ತಾಯಿಗೆ ಸಿಗುತ್ತಿದ್ದುದು ಇಷ್ಟೇ.

ಬೈಗುಳದ ವಿಷಯವನ್ನೂ ಮುಚ್ಚಿಡುವುದಿಲ್ಲ. ನಮ್ಮ ಬಣ್ಣ, ನಮ್ಮ ದೇಶ, ನಮ್ಮ ಉಚ್ಚಾರ ಹಿಡಿದು ಬೈದವರು ಬೇಕಾದಷ್ಟು ಜನ ಇದ್ದರು. ಪಾಳಿ ಮಧ್ಯೆ ಎದ್ದುಹೋಗಿ ಅತ್ತವರನ್ನು ನೋಡಿದ್ದೇನೆ. ಬೈದವರ ತೊಂದರೆ ನಿಜ ಅನ್ನುವುದು ಆ ಮಾತುಗಳಿಗೆ ಸಮರ್ಥನೆ ಆಗುವುದಿಲ್ಲ. ಆದರೆ ಕಂಪನಿಗಳು ಈ ಎರಡನ್ನೂ ಕಲಸಿಬಿಟ್ಟವು. ಗ್ರಾಹಕರ ಸಮಸ್ಯೆ ಉಚ್ಚಾರವೊಂದೇ ಅಂತ ಸಾರಿದವು. ಉಚ್ಚಾರ ತಿದ್ದುವ ತರಬೇತಿ ಕೊಟ್ಟರು. ನಮ್ಮ ಹೆಸರು ಬಿಟ್ಟು ಇಂಗ್ಲಿಷ್ ಹೆಸರು ಇಟ್ಟುಕೊಳ್ಳಿ ಅಂದರು. ಇವತ್ತಿಗೂ ಅದೇ ನಡೆಯುತ್ತಿದೆ. ಟೆಲಿಪರ್ಫಾರ್ಮೆನ್ಸ್ ಅನ್ನುವ ಫ್ರಾನ್ಸಿನ ಕಂಪನಿ ಜಗತ್ತಿನ ಅತಿ ದೊಡ್ಡ ಕಾಲ್ ಸೆಂಟರ್ ಕಂಪನಿಗಳಲ್ಲಿ ಒಂದು. ಭಾರತದ ಸಿಬ್ಬಂದಿ ಮಾತಾಡುತ್ತಿರುವಾಗಲೇ ಅವರ ಉಚ್ಚಾರವನ್ನು ಬದಲಿಸಿ ಕೇಳಿಸುವ ಸಾಫ್ಟ್‌ವೇರನ್ನು ಅದು ಬಳಸುತ್ತಿರುವ ಸುದ್ದಿ 2025ರಲ್ಲಿ ಬಂತು. ದನಿ ಬದಲಾಯಿಸುವುದಕ್ಕೆ ಇಷ್ಟು ದುಡ್ಡು ಸುರಿಯುತ್ತಾರೆ. ಆ ದನಿಯ ಹಿಂದೆ ಇರುವ ಮನುಷ್ಯನಿಗೆ ಒಂದು ಐನೂರು ರೂಪಾಯಿ ವಾಪಸ್ ಮಾಡುವ ಅಧಿಕಾರ ಕೊಡುವುದಿಲ್ಲ. ನನಗೆ ಇದು ತುಂಬಾ ಸಿಟ್ಟು ತರಿಸುವ ವಿಷಯ.

ಕೆಲವು ಕಂಪನಿಗಳು ಕರೆಗಳನ್ನು ವಾಪಸ್ ತೆಗೆದುಕೊಂಡು ಹೋದವು. 2009ರಲ್ಲಿ ಡೆಲ್ಟಾ ಏರ್‌ಲೈನ್ಸ್ ಭಾರತದ ಕಾಲ್ ಸೆಂಟರ್‌ಗಳನ್ನು ಬಿಟ್ಟಿತು. 2011ರಲ್ಲಿ ಸ್ಯಾಂಟಾಂಡರ್ ಬ್ಯಾಂಕು ಬೆಂಗಳೂರು, ಪುಣೆಯಲ್ಲಿ ಎತ್ತುತ್ತಿದ್ದ ಕರೆಗಳನ್ನು ಬ್ರಿಟನ್ನಿಗೆ ಮರಳಿಸಿತು. ಬ್ರಿಟನ್ನಿನ ಫೋನ್ ಕಂಪನಿ ಬಿಟಿ 2020ರ ಜನವರಿಯಿಂದ ತನ್ನ ಗ್ರಾಹಕರ ಕರೆಗಳನ್ನು ಬ್ರಿಟನ್ ಮತ್ತು ಐರ್ಲೆಂಡಿನಲ್ಲೇ ಎತ್ತುವುದಾಗಿ ಹೇಳಿತು. ಇನ್ನು ಕೆಲವರು ವಾಪಸ್ ಹೋಗಲಿಲ್ಲ, ಮುಂದಕ್ಕೆ ಹೋದರು. 2010ರ ಹೊತ್ತಿಗೆ ಫೋನಿನಲ್ಲಿ ಮಾತಾಡುವ ಕೆಲಸದಲ್ಲಿ ಫಿಲಿಪೀನ್ಸ್ ನಮ್ಮನ್ನು ಹಿಂದೆ ಹಾಕಿತ್ತು. 2025ರ ಜುಲೈನಲ್ಲಿ ಅಮೆರಿಕದ ಸೆನೆಟ್‌ನಲ್ಲಿ ಇಬ್ಬರು ಸದಸ್ಯರು ಒಂದು ಮಸೂದೆ ಮಂಡಿಸಿದರು. ಒಬ್ಬರು ಡೆಮಾಕ್ರಟಿಕ್ ಪಕ್ಷ, ಒಬ್ಬರು ರಿಪಬ್ಲಿಕನ್ ಪಕ್ಷ. ಫೋನ್ ಎತ್ತುವವರು ತಾವು ಯಾವ ದೇಶದಲ್ಲಿದ್ದೇವೆ ಅಂತ ಮೊದಲೇ ಹೇಳಬೇಕು, ಗ್ರಾಹಕ ಕೇಳಿದರೆ ಅಮೆರಿಕದಲ್ಲಿರುವವರಿಗೆ ಕರೆ ಕೊಡಬೇಕು ಅನ್ನುವುದು ಅದರಲ್ಲಿದೆ. ಎರಡೂ ಪಕ್ಷದವರು ಒಟ್ಟಿಗೆ ನಿಂತಿದ್ದಾರೆ ಅಂದರೆ ಅಲ್ಲಿನ ಜನರ ಸಿಟ್ಟು ಎಷ್ಟಿದೆ ನೋಡಿ.

ಇಲ್ಲಿ ಒಂದು ಮಾತು, ನಮ್ಮ ಊರಿನದು. ದಾವಣಗೆರೆಗೆ ಇದು ಹೊಸ ಪಾಠವೇನಲ್ಲ. ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಕರೆಸಿಕೊಂಡ ಊರು ಇದು. ಹತ್ತಿ ಗಿರಣಿಗಳ ಸೈರನ್ ಕೇಳಿ ಮನೆಗಳಲ್ಲಿ ಒಲೆ ಹಚ್ಚುತ್ತಿದ್ದ ಕಾಲ ಇತ್ತು ಅಂತ ನಿಮ್ಮ ತಾತಂದಿರು ಹೇಳುತ್ತಾರೆ. ಗಿರಣಿಗಳು ಒಂದೊಂದಾಗಿ ನಿಂತವು. ಹರಿಹರದಲ್ಲಿ ಕಿರ್ಲೋಸ್ಕರ್ ಕಾರ್ಖಾನೆ ಮುಚ್ಚಿತು. ಕೆಲಸ ಹೋದಾಗ ಊರಿಗೆ ಏನಾಗುತ್ತದೆ ಅಂತ ಇಲ್ಲಿ ಯಾರಿಗೂ ಹೇಳಿಕೊಡಬೇಕಿಲ್ಲ. ಹಾಗಾಗಿ ಇಂಗ್ಲೆಂಡಿನ ಯಾವುದೋ ಊರಿನಲ್ಲಿ ಕಾಲ್ ಸೆಂಟರ್ ಮುಚ್ಚಿ ಕೆಲಸ ಕಳೆದುಕೊಂಡವರ ನೋವು ನಮಗೆ ಅರ್ಥವಾಗಬೇಕು. ನಮಗೆ ಕೆಲಸ ಬಂತು ಅಂತ ಅದನ್ನು ಮರೆಯಬಾರದು.

ಈಗ ನಮ್ಮ ಕರೆಗಳಿಗೆ ಬರೋಣ. ನಾವು ದಾವಣಗೆರೆಯಿಂದ ಫೋನ್ ಮಾಡಿದಾಗ ಯಾರು ಎತ್ತುತ್ತಾರೆ?

ಹೊನ್ನಾಳಿ ಕಡೆಯ ಒಬ್ಬ ರೈತರು ಹೇಳಿದ್ದನ್ನು ನಿಮಗೆ ಹೇಳುತ್ತೇನೆ. ಮಳೆಗಾಲದಲ್ಲಿ ಹೊಲಕ್ಕೆ ನೀರು ನುಗ್ಗಿ ಮೆಕ್ಕೆಜೋಳ ನಿಂತ ನೀರಿನಲ್ಲಿ ಕೊಳೆಯಿತು. ಫಸಲ್ ಬಿಮಾ, ಅಂದರೆ ಬೆಳೆ ವಿಮೆ, ಕಟ್ಟಿದ್ದರು. ಹೊಲ ಮುಳುಗಿದರೆ, ಆಲಿಕಲ್ಲು ಬಿದ್ದರೆ 72 ಗಂಟೆಯೊಳಗೆ ತಿಳಿಸಬೇಕು ಅನ್ನುವುದು ಆ ಯೋಜನೆಯ ನಿಯಮ. ಅವರು ವಿಮಾ ಕಂಪನಿಯ ನಂಬರಿಗೆ ಫೋನ್ ಮಾಡಿದರು. ಒಂದು ಒತ್ತಿ, ಎರಡು ಒತ್ತಿ ಅಂತ ಆಯಿತು. ಕಡೆಗೆ ಎತ್ತಿದವರು ಹಿಂದಿಯಲ್ಲಿ ಮಾತಾಡಿದರು. ಇವರಿಗೆ ಹಿಂದಿ ಅಷ್ಟಕ್ಕಷ್ಟೆ. ಊರು ಹೊಸಹಳ್ಳಿ ಅಂದರು. ಆ ಕಡೆಯವರ ಪರದೆಯಲ್ಲಿ ಹೊಸಹಳ್ಳಿಗಳು ಸಾಲಾಗಿ ಬಂದಿರಬೇಕು. ಹೋಬಳಿ ಕೇಳಿದರು, ಹೇಳಿದರು. ಪಂಚಾಯಿತಿ ಕೇಳಿದರು, ಹೇಳಿದರು. ಆ ಹೆಸರು ಅಲ್ಲಿ ಬೇರೆ ರೀತಿ ಬರೆದಿತ್ತೋ ಏನೋ, ಸಿಗಲಿಲ್ಲ. 'ಮಾಹಿತಿ ಹೊಂದಾಣಿಕೆ ಆಗುತ್ತಿಲ್ಲ, ದಾಖಲೆ ನೋಡಿಕೊಂಡು ಮತ್ತೆ ಫೋನ್ ಮಾಡಿ.' ಕರೆ ಮುಗಿಯಿತು. ಮಾರನೇ ದಿನ ಮತ್ತೆ ಮೊದಲಿನಿಂದ.

ಎಪ್ಪತ್ತೆರಡು ಗಂಟೆ ಯಾರಿಗಾಗಿಯೂ ನಿಲ್ಲುವುದಿಲ್ಲ. ಆ ಕಡೆ ಕಾಯಿಸಿದ ಪ್ರತಿ ಗಂಟೆಯೂ ಈ ಕಡೆಯವರ ಖಾತೆಯಲ್ಲಿ ಕಳೆಯುತ್ತದೆ.

ಬ್ಯಾಂಕಿನಲ್ಲೂ ಹಾಗೆಯೇ. 2017ರ ಜುಲೈನಲ್ಲಿ ರಿಸರ್ವ್ ಬ್ಯಾಂಕ್ ಒಂದು ಸುತ್ತೋಲೆ ಹೊರಡಿಸಿತು. ಮೂರನೆಯವರ ಮೋಸದಿಂದ ನಿಮ್ಮ ಖಾತೆಯ ದುಡ್ಡು ಹೋದರೆ, ಬ್ಯಾಂಕಿನ ಸಂದೇಶ ಬಂದ ಮೂರು ಕೆಲಸದ ದಿನದೊಳಗೆ ತಿಳಿಸಿದರೆ ನಷ್ಟ ನಿಮ್ಮ ಮೇಲಿಲ್ಲ. ನಾಲ್ಕರಿಂದ ಏಳು ದಿನ ಆದರೆ ಒಂದು ಮಿತಿಯವರೆಗೆ ನಿಮ್ಮ ಮೇಲೆ ಬೀಳುತ್ತದೆ. ಓಟಿಪಿಯನ್ನು ನೀವೇ ಯಾರಿಗಾದರೂ ಹೇಳಿದ್ದರೆ ಲೆಕ್ಕ ಬೇರೆ. ಒಳ್ಳೆಯ ನಿಯಮ. ಆದರೆ ತಿಳಿಸುವುದು ಹೇಗೆ? ಫೋನ್ ಮಾಡಿದರೆ ಖಾತೆಯ ಬಾಕಿ ಗೊತ್ತಾಗಲು ಒಂದು ಒತ್ತಿ, ಹೊಸ ಸಾಲದ ಕೊಡುಗೆಗೆ ಎರಡು ಒತ್ತಿ. ದುಡ್ಡು ಹೋಗಿದೆ ಅನ್ನುವವರು ಎಲ್ಲಿ ಒತ್ತಬೇಕು? ಪಿ.ಜೆ. ಬಡಾವಣೆಯಲ್ಲಿ ನನಗೆ ಗೊತ್ತಿರುವ ಒಬ್ಬ ನಿವೃತ್ತ ಶಿಕ್ಷಕರಿಗೆ ಹೀಗಾಯಿತು. ಕಂಪ್ಯೂಟರ್ ದನಿ ಹೇಳುವುದನ್ನು ಪೂರ್ತಿ ಕೇಳಿಸಿಕೊಳ್ಳುವಷ್ಟರಲ್ಲಿ 'ನೀವು ಯಾವುದನ್ನೂ ಆರಿಸಿಲ್ಲ' ಅಂತ ಕರೆ ಕಟ್ಟಾಗುತ್ತಿತ್ತು. ಕೊನೆಗೆ ಅವರು ಆಟೋ ಹಿಡಿದು ಶಾಖೆಗೇ ಹೋದರು. ಅಲ್ಲಿ, 'ಇದು ನಮ್ಮ ಕೈಯಲ್ಲಿ ಇಲ್ಲ ಸರ್, ಕಸ್ಟಮರ್ ಕೇರಿಗೇ ಫೋನ್ ಮಾಡಿ' ಅಂದರು. ಕೌಂಟರಿನಲ್ಲಿ ಮನುಷ್ಯರಿದ್ದಾರೆ, ಕನ್ನಡದವರೇ, ಪರಿಚಯದವರೇ. ಆದರೆ ಅವರ ಕೈಯಿಂದಲೂ ಅಧಿಕಾರ ಹೋಗಿದೆ. ಇಂಗ್ಲೆಂಡಿನ ಆ ಹೆಂಗಸಿಗೆ ಆದದ್ದಕ್ಕೂ ಇದಕ್ಕೂ ಏನು ವ್ಯತ್ಯಾಸ ಇದೆ ಹೇಳಿ? ಶಾಖೆ ಮುಚ್ಚಿಲ್ಲ ಅನ್ನುವುದಷ್ಟೇ.

ಇದರ ಇನ್ನೊಂದು ಕೆಟ್ಟ ಫಲ ಇದೆ. ಇದನ್ನು ಸ್ವಲ್ಪ ಗಮನ ಕೊಟ್ಟು ಕೇಳಿ. ಎಷ್ಟೋ ಕಂಪನಿಗಳು ತಮ್ಮ ಫೋನ್ ನಂಬರನ್ನು ಆ್ಯಪಿನ ಯಾವುದೋ ಮೂಲೆಯಲ್ಲಿ ಬಚ್ಚಿಡುತ್ತವೆ. ಜನ ಏನು ಮಾಡುತ್ತಾರೆ? ಗೂಗಲ್‌ನಲ್ಲಿ 'ಕಸ್ಟಮರ್ ಕೇರ್ ನಂಬರ್' ಅಂತ ಹುಡುಕುತ್ತಾರೆ. ಅಲ್ಲಿ ಮೋಸಗಾರರು ತಮ್ಮ ನಂಬರ್ ಹಾಕಿಟ್ಟಿರುತ್ತಾರೆ. ಅವರು ಮೊದಲ ರಿಂಗಿಗೇ ಎತ್ತುತ್ತಾರೆ. ಸಮಾಧಾನವಾಗಿ ಕೇಳುತ್ತಾರೆ. 'ಗಾಬರಿಯಾಗಬೇಡಿ, ಈಗಲೇ ಸರಿ ಮಾಡೋಣ, ಒಂದು ಆ್ಯಪ್ ಹಾಕಿಕೊಳ್ಳಿ' ಅನ್ನುತ್ತಾರೆ. ನಿಜವಾದ ಕಂಪನಿ ಕೊಡಬೇಕಾಗಿದ್ದ ಮರ್ಯಾದೆಯನ್ನು ಕಳ್ಳ ಕೊಡುತ್ತಾನೆ, ಆಮೇಲೆ ಖಾತೆ ಖಾಲಿ ಮಾಡುತ್ತಾನೆ. ಮೋಸ ಹೋದವರನ್ನು ನಾವು 'ಓದಿದವರಾಗಿ ಇಷ್ಟೂ ಗೊತ್ತಾಗಲಿಲ್ವಾ' ಅಂತ ಬೈಯುತ್ತೇವೆ. ನಂಬರ್ ಬಚ್ಚಿಟ್ಟವರನ್ನು ಯಾರೂ ಕೇಳುವುದಿಲ್ಲ. ನಿಮ್ಮ ಬ್ಯಾಂಕಿನ ನಂಬರ್ ನಿಮ್ಮ ಎಟಿಎಂ ಕಾರ್ಡಿನ ಹಿಂದೆಯೇ ಇರುತ್ತದೆ. ಇವತ್ತು ಮನೆಗೆ ಹೋದ ಮೇಲೆ ಅದನ್ನು ಬೇರೆ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ. ಯಾಕೆಂದರೆ ಕಾರ್ಡೇ ಕಳೆದುಹೋದರೆ ನಂಬರೂ ಅದರ ಜೊತೆ ಹೋಗುತ್ತದೆ. ದುಡ್ಡು ಹೋಗಿದ್ದು ಗೊತ್ತಾದ ಕೂಡಲೇ 1930ಕ್ಕೆ ಫೋನ್ ಮಾಡಿ. ಅದು ಸೈಬರ್ ವಂಚನೆಯ ಸಹಾಯವಾಣಿ. ಬೇಗ ಹೇಳಿದಷ್ಟೂ ದುಡ್ಡನ್ನು ಮಧ್ಯದಲ್ಲೇ ತಡೆಯುವ ಸಾಧ್ಯತೆ ಜಾಸ್ತಿ.

ಹಾಗಾದರೆ ನಮಗೆ ಬೇಕಾಗಿರುವುದು ಏನು? ಕರೆಗಳನ್ನೆಲ್ಲ ಕರ್ನಾಟಕಕ್ಕೆ ತನ್ನಿ ಅಂತಲೇ? ಕನ್ನಡದಲ್ಲಿ ಮಾತಾಡುವವರು ಬೇಕೇ ಬೇಕು. ಅದರಲ್ಲಿ ನಾನು ಚೌಕಾಸಿ ಮಾಡುವುದಿಲ್ಲ. ಮೆಕ್ಕೆಜೋಳ ಮುಳುಗಿದವರು, ದುಡ್ಡು ಕಳೆದುಕೊಂಡವರು ಆ ಗಾಬರಿಯಲ್ಲಿ ಇನ್ನೊಂದು ಭಾಷೆ ಹುಡುಕಿಕೊಂಡು ಮಾತಾಡಬೇಕು ಅನ್ನುವುದು ಅನ್ಯಾಯ. ಆದರೆ ಕನ್ನಡವೊಂದೇ ಸಾಲದು. ಕನ್ನಡದಲ್ಲೇ ಚೆನ್ನಾಗಿ, 'ಕ್ಷಮಿಸಿ, ನನ್ನ ಕೈಯಲ್ಲಿ ಆಗುವುದಿಲ್ಲ' ಅಂತ ಹೇಳಿದರೆ ನಮಗೆ ಏನು ಸಿಕ್ಕಿತು? ಹಳೇಪೇಟೆಯ ಅಂಗಡಿಯಲ್ಲಿ ಹರಿದ ಸೀರೆ ವಾಪಸ್ ಕೊಟ್ಟರೆ ಗಲ್ಲಾ ಮೇಲೆ ಕೂತವರು ಎರಡು ನಿಮಿಷ ನೋಡಿ, ಬೇರೆ ಸೀರೆ ಕೊಡುತ್ತಾರೆ, ಇಲ್ಲವೇ ಆಗುವುದಿಲ್ಲ ಅಂತ ಮುಖಕ್ಕೇ ಹೇಳುತ್ತಾರೆ. ಜಗಳ ಆದರೂ ತೀರ್ಮಾನ ಅಲ್ಲೇ ಆಗುತ್ತದೆ. ಫೋನ್ ಎತ್ತುವವರಿಗೂ ಅಷ್ಟು ಅಧಿಕಾರ ಬೇಕು. ಇಷ್ಟು ಮೊತ್ತದವರೆಗೆ ತಾನೇ ವಾಪಸ್ ಮಾಡಬಹುದು, ದೂರನ್ನು ತಾನೇ ಕೊನೆತನಕ ಹಿಡಿದುಕೊಳ್ಳಬಹುದು, ಗ್ರಾಹಕನಿಗೆ ತನ್ನ ಹೆಸರು ಹೇಳಿ ಮತ್ತೆ ತನ್ನನ್ನೇ ಕೇಳಿ ಅನ್ನಬಹುದು, ಅನ್ನುವಷ್ಟು.

ಕಂಪನಿಗಳು ಈಗ ಇನ್ನೊಂದು ದಾರಿಗೆ ಹೊರಟಿವೆ. ಬೇರೆ ದೇಶಕ್ಕೂ ಬೇಡ, ಯಂತ್ರಕ್ಕೇ ಕೊಡೋಣ ಅಂತ. ಆಸ್ಟ್ರೇಲಿಯಾದ ಕಾಮನ್‌ವೆಲ್ತ್ ಬ್ಯಾಂಕು 2025ರಲ್ಲಿ ಮಾತಾಡುವ ಬಾಟ್ ತಂದು, 45 ಜನರ ಕೆಲಸ ತೆಗೆಯುವುದಾಗಿ ಹೇಳಿತು. ಕರೆ ಕಡಿಮೆಯಾಗಿದೆ ಅನ್ನುವುದು ಅದರ ವಾದ. ನೌಕರರ ಸಂಘ ಒಪ್ಪಲಿಲ್ಲ, ಕರೆ ಹೆಚ್ಚಾಗಿದೆ ಅಂತ ತೋರಿಸಿತು. ಆ ಆಗಸ್ಟ್‌ನಲ್ಲೇ ಬ್ಯಾಂಕು ತೀರ್ಮಾನ ಹಿಂದಕ್ಕೆ ತೆಗೆದುಕೊಂಡಿತು. ಯಂತ್ರ ಬೇಡ ಅಂತ ನಾನು ಹೇಳುತ್ತಿಲ್ಲ. ಬಾಕಿ ಎಷ್ಟಿದೆ ಅಂತ ಹೇಳಲು ಯಂತ್ರ ಸಾಕು. ಆದರೆ 'ನನಗೆ ಮನುಷ್ಯರ ಹತ್ತಿರ ಮಾತಾಡಬೇಕು' ಅಂದಾಗ ಮನುಷ್ಯರು ಸಿಗಬೇಕು.

ನಮ್ಮ ಟೆಲಿಕಾಂ ನಿಯಮಗಳಲ್ಲಿ ಇದು ಒಂದು ಮಟ್ಟಿಗೆ ಇದೆ. ಟೆಲಿಕಾಂ ಕಂಪನಿಗಳ ಮೇಲೆ ನಿಗಾ ಇಡುವ ಟ್ರಾಯ್ 2012ರಲ್ಲಿ ದೂರು ಪರಿಹಾರದ ನಿಯಮ ತಂದಿತು. ದೂರು ಕೊಟ್ಟರೆ ಕಂಪನಿ ಡಾಕೆಟ್ ನಂಬರ್, ಅಂದರೆ ಆ ದೂರಿನ ನಂಬರ್, ಕೊಡಲೇಬೇಕು. ಕಂಪನಿ ಕೊಡುವ ಉತ್ತರ ಸರಿ ಬರದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ 30 ದಿನದೊಳಗೆ ಹೋಗಬಹುದು. ಅವರು 39 ದಿನದಲ್ಲಿ ತೀರ್ಮಾನ ಹೇಳಬೇಕು. ಇದಕ್ಕೆ ಶುಲ್ಕವಿಲ್ಲ. ಡಾಕೆಟ್ ನಂಬರ್ ಕೇಳದೆ ಫೋನ್ ಇಡಬೇಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಆ ನಂಬರ್ ಇಲ್ಲದಿದ್ದರೆ ನೀವು ಫೋನ್ ಮಾಡಿದ್ದಕ್ಕೆ ಪುರಾವೆಯೇ ಇಲ್ಲ. ನಾನು ಆ ಕಡೆ ಕೂತಿದ್ದಾಗ ನೋಡಿದ್ದೇನೆ: ನಂಬರ್ ಇಟ್ಟುಕೊಂಡು, ದಿನಾಂಕ ಹೇಳಿ, 'ಆವತ್ತು ಇಂಥವರು ಹೀಗೆ ಹೇಳಿದ್ದರು' ಅನ್ನುವವರ ದೂರು ಮೇಲಕ್ಕೆ ಹೋಗುತ್ತದೆ. ಎಷ್ಟೇ ಜೋರಾಗಿ ಕಿರುಚಿದರೂ ನಂಬರ್ ಇಲ್ಲದವರ ದೂರು ಹೋಗುವುದಿಲ್ಲ.

ಬ್ಯಾಂಕಿನ ದೂರಿಗೆ 30 ದಿನದಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಸರಿಯಿಲ್ಲದಿದ್ದರೆ, ಬ್ಯಾಂಕುಗಳ ಮೇಲಿನ ದೂರು ಕೇಳುವ ರಿಸರ್ವ್ ಬ್ಯಾಂಕಿನ ಅಧಿಕಾರಿ, ಒಂಬುಡ್ಸ್‌ಮನ್ ಹತ್ತಿರ ಹೋಗಬಹುದು. ಮಾಹಿತಿಗೆ 14448. ಬೆಳೆ ವಿಮೆಗೆ 14447 ಅಂತ ಒಂದು ಸಹಾಯವಾಣಿ ಇದೆ. ವಿಮಾ ಕಂಪನಿಯ ನಂಬರ್ ಒಂದನ್ನೇ ನಂಬಿ ಕೂರಬೇಡಿ. ರೈತ ಸಂಪರ್ಕ ಕೇಂದ್ರಕ್ಕೂ, ಬ್ಯಾಂಕಿಗೂ ಅದೇ ದಿನ ಬರೆದು ಕೊಡಿ, ಕೊಟ್ಟಿದ್ದಕ್ಕೆ ಸೀಲು ಹಾಕಿಸಿಕೊಳ್ಳಿ. ಆನ್‌ಲೈನ್‌ನಲ್ಲಿ ಕೊಂಡ ಸಾಮಾನಿನ ವಿಷಯಕ್ಕೆ 2020ರ ಇ-ಕಾಮರ್ಸ್ ನಿಯಮಗಳಿವೆ. ಕಂಪನಿ ದೂರು ಅಧಿಕಾರಿಯ ಹೆಸರನ್ನು ಪ್ರಕಟಿಸಬೇಕು. ಅವರು 48 ಗಂಟೆಯಲ್ಲಿ ದೂರು ಬಂದಿದೆ ಅಂತ ಒಪ್ಪಿಕೊಳ್ಳಬೇಕು, ಒಂದು ತಿಂಗಳಲ್ಲಿ ಬಗೆಹರಿಸಬೇಕು. ಎಲ್ಲಿಗೆ ಹೋಗಬೇಕೋ ಗೊತ್ತಾಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅಲ್ಲಿ ಕನ್ನಡದಲ್ಲಿ ಮಾತಾಡಬಹುದು.

ಎಲ್ಲಕ್ಕಿಂತ ದೊಡ್ಡದು ಇದು. ಡೆಲ್ ವಿಷಯ ಹೇಳಿದಾಗ, ಒಂದು ಕಂಪ್ಯೂಟರ್ ಕೊಂಡವರ ಸಿಟ್ಟಿಗೆ ಬೆಲೆ ಸಿಗಲಿಲ್ಲ ಅಂದೆ ಅಲ್ವಾ. ಒಬ್ಬೊಬ್ಬರೇ ಇರುವ ನಮ್ಮಂಥವರಿಗೆ ಅಂತಲೇ ಕಾನೂನು ಇರುವುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 2020ರ ಜುಲೈನಲ್ಲಿ ಜಾರಿಗೆ ಬಂತು. ಮೊದಲು ಕಂಪನಿ ಎಲ್ಲಿದೆಯೋ, ವ್ಯವಹಾರ ಎಲ್ಲಿ ನಡೆಯಿತೋ ಅಲ್ಲಿ ಕೇಸು ಹಾಕಬೇಕಿತ್ತು. ಈಗ ನೀವು ವಾಸ ಇರುವ ಊರಿನಲ್ಲೇ, ಕೆಲಸ ಮಾಡುವ ಊರಿನಲ್ಲೇ ಹಾಕಬಹುದು. ಕಂಪನಿಯ ಕಚೇರಿ ಮುಂಬೈನಲ್ಲಿರಲಿ, ಫೋನ್ ಎತ್ತುವವರು ನೋಯ್ಡಾದಲ್ಲಿರಲಿ, ಇನ್ನೊಂದು ದೇಶದಲ್ಲೇ ಇರಲಿ, ಅವರು ದಾವಣಗೆರೆಯ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಬಂದು ಉತ್ತರ ಹೇಳಬೇಕು. ಚಿತ್ರದುರ್ಗದವರಿಗೆ ಚಿತ್ರದುರ್ಗದಲ್ಲೇ. ನೀವು ಕೊಟ್ಟ ಬೆಲೆ ಐದು ಲಕ್ಷದವರೆಗೆ ಇದ್ದರೆ ಶುಲ್ಕವಿಲ್ಲ. ವಕೀಲರು ಇರಲೇಬೇಕು ಅಂತಲೂ ಇಲ್ಲ. ಅವರು ಎಷ್ಟು ದೂರ ಹೋದರೂ ಈ ಒಂದು ಕಾಯ್ದೆ ಅವರನ್ನು ನಮ್ಮ ಊರಿಗೆ ಕರೆಸುತ್ತದೆ. ನಮ್ಮ ಜನ ಇದನ್ನು ಬಳಸುವುದು ತೀರಾ ಕಡಿಮೆ. ಇನ್ನೂರು ರೂಪಾಯಿಗೆ ಯಾರು ಓಡಾಡುತ್ತಾರೆ ಅಂತ ಸುಮ್ನೆ ಬಿಡುತ್ತೇವೆ. ಹಾಗೆ ಬಿಡುವವರ ಇನ್ನೂರು ರೂಪಾಯಿಗಳನ್ನೆಲ್ಲ ಸೇರಿಸಿಯೇ ಕಂಪನಿ ತನ್ನ ಲೆಕ್ಕ ಹಾಕಿರುತ್ತದೆ.

ಇಲ್ಲಿ ಕೂತಿರುವ ವಿದ್ಯಾರ್ಥಿಗಳಿಗೆ ಒಂದು ಮಾತು. ಬೆಂಗಳೂರಿನ ಆಚೆಗೂ ಕೆಲಸಗಳು ಬರಬೇಕು ಅಂತ ಸರ್ಕಾರ ಹೇಳುತ್ತಿದೆ. ಕನ್ನಡದಲ್ಲಿ ಗ್ರಾಹಕರ ಕರೆ ಎತ್ತುವ ಕೆಲಸ ದಾವಣಗೆರೆಗೆ ಬಂದರೆ ನನಗೆ ತುಂಬಾ ಸಂತೋಷ. ಹೊಸಹಳ್ಳಿ ಅಂದರೆ ಯಾವ ಹೊಸಹಳ್ಳಿ ಅಂತ ಕೇಳಿ ಹೇಳಬಲ್ಲವರು ನೀವೇ. ನಿಮ್ಮಲ್ಲಿ ಯಾರಾದರೂ ಅಂಥ ಕೆಲಸಕ್ಕೆ ಇಂಟರ್‌ವ್ಯೂಗೆ ಹೋದರೆ ಸಂಬಳದ ಜೊತೆ ಇನ್ನೊಂದು ಕೇಳಿ: ಗ್ರಾಹಕರ ಸಮಸ್ಯೆಯಲ್ಲಿ ನಾನೇ ತೀರ್ಮಾನ ಮಾಡಬಹುದಾದದ್ದು ಏನೇನು? ಅವರು ಏನು ಉತ್ತರ ಕೊಡುತ್ತಾರೆ ಅನ್ನುವುದರಿಂದ ಆ ಕೆಲಸ ಹೇಗಿರುತ್ತದೆ ಅಂತ ನಿಮಗೆ ಆವತ್ತೇ ಗೊತ್ತಾಗುತ್ತದೆ.

ನನ್ನ ಮಾತು ಇಷ್ಟೇ. ಬೆಳೆ ವಿಮೆ, ಬ್ಯಾಂಕು, ಮೊಬೈಲ್, ಯಾವುದೇ ದೂರು ಬಾಕಿ ಇರುವವರು ಡಾಕೆಟ್ ನಂಬರ್, ಬಿಲ್ಲು, ಮೆಸೇಜು ತಂದಿದ್ದರೆ ಮುಂದಿನ ಸಾಲಿಗೆ ಬನ್ನಿ. ಅರ್ಜಿ ಬರೆಯಲು ಬರುವ ವಿದ್ಯಾರ್ಥಿಗಳೂ ಬನ್ನಿ. ಇವತ್ತು ಆಗುವಷ್ಟನ್ನು ಕನ್ನಡದಲ್ಲಿ ಬರೆದು, ಇಲ್ಲಿಂದಲೇ ಕಳಿಸೋಣ.